ಅತ್ತೆಗೆ ಬಾರದ ಜ್ವರ

ದೌಲಪ್ಪ ಹೇಳಿದ್ದು ಸಣ್ಣ ಸುಳ್ಳು. ಕಮಲಾಪುರದ ಅತ್ತೆಗೆ ಜ್ವರ ಬಂದಿದೆಯಂತೆ, ಶುಕ್ರವಾರ ಹೆಂಡತಿಯನ್ನು ಕರೆದುಕೊಂಡು ಹೋಗಿ ಭೇಟಿ ಮಾಡಿಸಿ ಸಂಜೆಗೆ ಬರುತ್ತೇನೆ ಅಂತ ತಾಯಿಗೆ ಹೇಳಿದ. ಅತ್ತೆ ಲಲಿತಾಬಾಯಿ ಗುಂಡುಕಲ್ಲಿನ ಹಾಗಿದ್ದರು. ಅವರಿಗೆ ಜ್ವರ ಬಂದದ್ದನ್ನು ಕಮಲಾಪುರದಲ್ಲಿ ಯಾರೂ ಕಂಡವರಿಲ್ಲ. ಆದರೆ ಕಲಬುರಗಿಯಿಂದ ಬೀದರಿಗೆ ಹೋಗುವ ಬಸ್ಸು ಕಮಲಾಪುರದ ಮೇಲೆ ಹಾದುಹೋಗುತ್ತದೆ. ಕಮಲಾಪುರಕ್ಕೆಂದು ಹೊರಟು, ಅಲ್ಲಿ ಇಳಿಯದೆ ಸೀದಾ ಬೀದರಿಗೆ ಹೋಗಿ, ಕೋಟೆಯಲ್ಲಿ ಹೆಂಡತಿಯ ಜೊತೆ ಒಂದು ಮಧ್ಯಾಹ್ನ ಕೂತು ಮಾತಾಡಿ, ಸಂಜೆಯ ಬಸ್ಸಿಗೆ ಮರಳುವುದು ಅವನ ಹಂಚಿಕೆಯಾಗಿತ್ತು.

ಹೆಂಡತಿಯ ಜೊತೆ ಮಾತಾಡಲು ಬೀದರಿಗೆ ಯಾಕೆ ಹೋಗಬೇಕು ಅಂತ ಕೇಳುವವರು ದೌಲಪ್ಪನ ಮನೆಯನ್ನು ನೋಡಿಲ್ಲ. ಕಲಬುರಗಿಯ ರೋಜಾ ಬಡಾವಣೆಯ ಹಿಂದಿನ ಓಣಿಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆ, ಅಷ್ಟೇ. ಎರಡು ವರ್ಷದ ಹಿಂದೆ, ರಜಾಕಾರರ ಗದ್ದಲದಲ್ಲಿ, ಹಳ್ಳಿಯಿಂದ ಚಿಕ್ಕಮ್ಮ ಗುಂಡಮ್ಮ ತನ್ನ ಮಕ್ಕಳು ಸೊಸೆಯರನ್ನು ಕಟ್ಟಿಕೊಂಡು, ಗದ್ದಲ ತಣ್ಣಗಾಗುವ ತನಕ ಇರುತ್ತೇವೆ ಅಂತ ಬಂದಿದ್ದಳು. ಪೊಲೀಸ್ ಆಕ್ಷನ್ ಆಯಿತು. ರಜಾಕಾರರು ಹೋದರು, ನಿಜಾಮನ ಸರ್ಕಾರ ಹೋಯಿತು, ಆಮೇಲೆ ಬಂದ ಮಿಲಿಟರಿ ಆಡಳಿತವೂ ಹೋಯಿತು. ಗುಂಡಮ್ಮ ಮಾತ್ರ ಹೋಗಲಿಲ್ಲ. ರಾತ್ರಿ ಹೆಂಗಸರೆಲ್ಲ ಅಡುಗೆಮನೆಯಲ್ಲಿ, ಗಂಡಸರೆಲ್ಲ ಪಡಸಾಲೆಯಲ್ಲಿ ಮಲಗುವುದು ರೂಢಿಯಾಗಿಬಿಟ್ಟಿತು.

ಈ ಏರ್ಪಾಡಿನ ನಡುವೆಯೇ ದೌಲಪ್ಪನ ಮದುವೆಯಾಗಿತ್ತು. ವರ್ಷ ದಾಟಿದರೂ ವಿಮಲಾಬಾಯಿ ಅವನ ಜೊತೆ ಆಡಿದ ಮಾತು ಎರಡೇ. ಒಂದು, 'ಊಟಕ್ಕ ಏಳ್ರಿ'. ಇನ್ನೊಂದು, 'ನೀರು ಕಾದಾವ'. ಹೆಂಡತಿ ಮಿತಭಾಷಿ ಇರಬೇಕು ಅಂತ ಅವನು ಸಮಾಧಾನ ಮಾಡಿಕೊಂಡಿದ್ದ. ಆದರೂ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಾಗ, ಮನೆ ತುಂಬ ಜನ ಮಾತಾಡುತ್ತಿರುವಾಗ, ಅವನಿಗೆ ವಿಪರೀತ ಒಂಟಿ ಅನ್ನಿಸುತ್ತಿತ್ತು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ ಅಂತ ಹೇಳಿರಲಿಲ್ಲ.

ಹೇಳಿದ್ದು ನಬಿಸಾಬರಿಗೆ ಒಬ್ಬರಿಗೇ. ಅವರ ಹೊಲಿಗೆ ಅಂಗಡಿಯಲ್ಲಿ ದೌಲಪ್ಪ ಕೆಲಸಕ್ಕಿದ್ದ. ಮೊದಲು ಅಲ್ಲಿ ಶೇರವಾನಿ ಹೊಲಿಯುತ್ತಿದ್ದರು. ಸರ್ಕಾರ ಬದಲಾದ ಮೇಲೆ ಶೇರವಾನಿ ಕೇಳುವವರಿಲ್ಲದೆ ಖಾದಿ ಟೋಪಿ ಹೊಲಿಯುತ್ತಿದ್ದರು. ನಬಿಸಾಬ್ ನಗಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ಕೆಳಗಿಟ್ಟರು.

"ಬೀದರಕ್ಕ ಕರ್ಕೊಂಡು ಹೋಗು ಭಾಯಿ. ಕೋಟಿ ನೋಡಾಕ ಯಾರೂ ಏನೂ ಕೇಳಂಗಿಲ್ಲ. ರೊಟ್ಟಿ ಮನೀದೇ ಕಟ್ಕೊ. ಬಾವಿ ನೀರು ಛಲೋ ಅದ. ಬಸ್ಸಿನ ಖರ್ಚು ಬಿಟ್ರ ಬ್ಯಾರೆ ಖರ್ಚಿಲ್ಲ. ಒಳಗ ಮಹಲಿನ ಬಲಕ್ಕ ಒಂದು ಕಟ್ಟಿ ಅದ, ಗಾಳಿ ಬರ್ತದ. ಶಾದಿ ಆದ ವರ್ಷ ನಾನೂ ಫರೀದಾನೂ ಅಲ್ಲೇ ಕುಂತಿದ್ವಿ. ಆಕಿ ಏನು ಮಾತಾಡಿದ್ಳು ಅನ್ನೋದು ಮರ್ತದ. ಮಾತಾಡಿದ್ಳು ಅನ್ನೋದು ಮಾತ್ರ ನೆನಪದ."

ಫರೀದಾ ಆ ಗದ್ದಲದ ವರ್ಷವೇ ತೀರಿಕೊಂಡಿದ್ದಳು. ಹೇಗೆ ಅಂತ ದೌಲಪ್ಪ ಕೇಳಿರಲಿಲ್ಲ, ನಬಿಸಾಬ್ ಹೇಳಿರಲಿಲ್ಲ.

"ಬಸ್ಸಿನಾಗ ಹೆಂಗಸರಿಗೆ ಪರದಾ ಕಟ್ಟಿರ್ತಾರಲ್ರಿ ಚಾಚಾ. ಕೂಡಿ ಕೂಡಾಕ ಬಿಡ್ತಾರೇನು?" ಎಂದು ದೌಲಪ್ಪ ಕೇಳಿದ.

"ಹೊಸ ಸರ್ಕಾರ ಬಂದಮ್ಯಾಲ ಪರದಾ ತೆಗೆದಾರಂತ ಕೇಳೀನಿ. ಬಾಜೂದಾಗೇ ಕೂಡಿಸ್ಕೊ."

ಹೀಗೆ ಎಲ್ಲ ನಿಶ್ಚಯವಾಯಿತು. ಹೆಂಡತಿಗೆ ಬೀದರಿನ ಗುಟ್ಟನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮೇಲೆ ಮೆಲ್ಲಗೆ ಹೇಳಿದರಾಯಿತು ಅಂದುಕೊಂಡ. ಮನೆಯಲ್ಲಿ ಹೇಳಲು ಜಾಗವೆಲ್ಲಿ? ಅದಕ್ಕೇ ಅವಳ ಕಿವಿಗೆ ಮೊದಲು ಬಿದ್ದದ್ದು ಬೀದರಲ್ಲ, ತಾಯಿಯ ಜ್ವರ.

ಗುರುವಾರ ಸಂಜೆ ಅವನು ಅಂಗಡಿಯಿಂದ ಮರಳಿದಾಗ ಮನೆಯಲ್ಲಿ ಗೋಳಾಟ ನಡೆದಿತ್ತು. ವಿಮಲಾಬಾಯಿ ಅಡುಗೆಮನೆಯ ಬಾಗಿಲಲ್ಲಿ ಕೂತು ಅಳುತ್ತಿದ್ದಳು. ಗುಂಡಮ್ಮ ಅವಳ ಕೈ ಹಿಡಿದುಕೊಂಡು, ತನಗೆ ಗೊತ್ತಿದ್ದವರಲ್ಲಿ ಯಾರು ಯಾರು ಜ್ವರದಿಂದ ಸತ್ತರು ಅನ್ನುವುದನ್ನು ಹೇಳಿ ಧೈರ್ಯ ತುಂಬುತ್ತಿದ್ದಳು.

"ಅಳಬ್ಯಾಡ," ಎಂದ ದೌಲಪ್ಪ.

"ನೋಡವ್ವಾ, ಅಂವಾ ಎಂದೂ ಮಾತಾಡದಾಂವ ಅಳಬ್ಯಾಡ ಅಂತಾನ. ಅಂದ್ರ ಭಾಳ ಸೀರಿಯಸ್ ಇರಬೇಕು," ಎಂದಳು ಗುಂಡಮ್ಮ. ವಿಮಲಾಬಾಯಿಯ ಅಳು ಜೋರಾಯಿತು.

ಬೇರೆ ದಾರಿ ಕಾಣದೆ ದೌಲಪ್ಪ ಗುಂಡಮ್ಮನ ತಲೆಯ ಮೇಲಿಂದ ಹೆಂಡತಿಗೆ ಒಂದು ಕಣ್ಣು ಮಿಟುಕಿಸಿದ. ವಿಮಲಾಬಾಯಿ ತಲೆ ತಗ್ಗಿಸಿದ್ದರಿಂದ ನೋಡಲಿಲ್ಲ. ತಿರುಗಿದ ಗುಂಡಮ್ಮ ನೋಡಿದಳು. "ಕಣ್ಣಾಗ ಏನೊ ಬಿದ್ದದಲ್ಲೊ," ಅಂದು ಅವನನ್ನು ಹಿಡಿದು ಕೂಡಿಸಿ, ಸೆರಗು ಸುತ್ತಿ ಬಿಸಿ ಉಸಿರು ಊದಿ ಒತ್ತಿದಳು. ಅಷ್ಟು ಸಾಲದೆಂದು ಹರಳೆಣ್ಣೆ ಬಿಟ್ಟು ಬಟ್ಟೆ ಕಟ್ಟಿದಳು. ಆ ಸಂಜೆಯೆಲ್ಲ ದೌಲಪ್ಪ ತನ್ನ ಹೆಂಡತಿಯ ಅಳುವನ್ನು ಒಂದೇ ಕಣ್ಣಿನಿಂದ ನೋಡುತ್ತ ಕೂತ. ನೆರೆಮನೆಯ ಇಮಾಮಬಿ ಬಂದು, ಬೀಗತಿಗೆ ಕಟ್ಟಲು ದರ್ಗಾದಿಂದ ತಂದ ತಾಯತ ಕೊಟ್ಟು, ಅವನ ಕಣ್ಣಿಗೂ ಒಂದು ಕೊಟ್ಟು ಹೋದಳು.

ಶುಕ್ರವಾರ ಬೆಳಿಗ್ಗೆ ಗುಂಡಮ್ಮನೇ ಇಬ್ಬರನ್ನೂ ಬಸ್ ಸ್ಟ್ಯಾಂಡಿಗೆ ತಂದು ಬಿಟ್ಟಳು. ಸರ್ಕಾರ ಬದಲಾದ ಸುದ್ದಿ ಆ ಬಸ್ಸಿಗೆ ಇನ್ನೂ ಮುಟ್ಟಿರಲಿಲ್ಲ. ಮುಂದಿನ ಸಾಲುಗಳಿಗೆ ಕೊಳೆಯಾದ ಹಸಿರು ಪರದೆ ಹಾಗೇ ಜೋತಾಡುತ್ತಿತ್ತು. ವಿಮಲಾಬಾಯಿ ಅದರ ಹಿಂದೆ ಮರೆಯಾದಳು. ದೌಲಪ್ಪ ಬೀದರಿಗೆ ಎರಡು ಟಿಕೀಟು ತೆಗೆದುಕೊಂಡು ಹಿಂದಿನ ಸೀಟಿನಲ್ಲಿ, ಖಾಲಿ ಬುಟ್ಟಿಗಳ ನಡುವೆ ಕೂತ. ಬುಟ್ಟಿಗಳ ಆಚೆಯಿಂದ ಒಂದು ಮುಖ ಎದ್ದಿತು. ವಿಮಲಾಬಾಯಿಯ ಸೋದರಮಾವ, ಬಾಳೆಹಣ್ಣಿನ ವ್ಯಾಪಾರದ ಗುರುಲಿಂಗಪ್ಪ. ಎರಡು ದಿನದಿಂದ ಕಲಬುರಗಿಯಲ್ಲಿ ಕಮಲಾಪುರದ ಕೆಂಬಾಳೆ ಮಾರಿ ಊರಿಗೆ ಹೊರಟಿದ್ದ.

"ಎಲ್ಲಿಗ್ರಿ ಅಳಿಯಂದ್ರ?"

ದೌಲಪ್ಪ ಬಾಯಿ ತೆರೆಯುವ ಮೊದಲೇ ಪರದೆಯ ಹಿಂದಿನಿಂದ ಅಳುವ ದನಿ ಬಂತು. "ಮಾವಾ, ನಮ್ಮವ್ವಗ ಭಾಳ ಜ್ವರ ಅಂತ."

"ನಮ್ಮ ಅಕ್ಕಗ?" ಗುರುಲಿಂಗಪ್ಪನ ಮುಖ ಬಿಳುಚಿತು. "ಮೊನ್ನೆ ನಾ ಬರಾಗ ಎರಡು ಕೊಡ ನೀರು ಒಮ್ಮೇಲೇ ಹೊತ್ಕೊಂಡು ಹೊಂಟಿದ್ಳಲ್ರಿ. ಯಾರು ಹೇಳಿದ್ರು?"

"ಯಾರೋ ಒಬ್ಬರು ಬಂದಿದ್ರು," ಎಂದ ದೌಲಪ್ಪ.

"ಯಾರು? ಹೆಸರೇನು? ಹ್ಯಾಂಗಿದ್ರು?"

"ಕಪ್ಪಗಿದ್ರು."

ಕಪ್ಪಗಿದ್ದವರು ತನ್ನ ದೊಡ್ಡಪ್ಪನ ಮಗನೇ ಇರಬೇಕು, ಅವನು ಬಂದು ಹೇಳಿದನೆಂದರೆ ಮಾತು ಮುಗಿದ ಹಾಗೆಯೇ ಅಂತ ಗುರುಲಿಂಗಪ್ಪ ತೀರ್ಮಾನಿಸಿ ಎದ್ದು ನಿಂತ. "ಡ್ರೈವರ್ ಸಾಹೇಬ್ರ, ಮನ್ಯಾಗ ಅಕ್ಕ ಸಾಯಾಕತ್ತಾಳ. ಸ್ವಲ್ಪ ಜೋರಾಗಿ ಬಿಡ್ರಿ."

ಡ್ರೈವರು ಮರುಕದ ಮನುಷ್ಯ. ಬಸ್ಸು ಊರು ದಾಟಿದ್ದೇ ತಡ, ಕಲ್ಲು ತುಂಬಿದ ಡಬ್ಬಿಯ ಹಾಗೆ ಸದ್ದು ಮಾಡುತ್ತ ಓಡಿತು. ನಡುವಿನ ಊರುಗಳಲ್ಲಿ ಇಳಿಯಬೇಕಾದವರು ಕೂಗಿಕೊಂಡರು. ವಿಷಯ ತಿಳಿದ ಮೇಲೆ ಅವರೇ, "ನಾವು ವಾಪಸ್ ಬಸ್ಸಿಗೆ ಬರ್ತೀವಿ, ಪಾಪ, ನಡೀರಿ," ಅಂದರು. ದೌಲಪ್ಪ ಎರಡು ಸಲ ಎದ್ದು ಪರದೆಯ ಹತ್ತಿರ ಹೋಗಿ, "ಏ, ಇಲ್ಲಿ ಕೇಳು," ಅಂದ. ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲವಾದ್ದರಿಂದ ಪರದೆ ಸರಿಸಿ ಇಣುಕಿದ್ದು ಬೇರೆಯವರ ಹೆಂಡಂದಿರು. ಅವರ ಕೈಯಲ್ಲಿ 'ನಿನ್ನ ತಾಯಿಗೆ ಏನೂ ಆಗಿಲ್ಲ, ನಾನು ಸುಳ್ಳು ಹೇಳಿದೆ' ಅಂತ ಹೇಳಿಕಳಿಸುವುದು ಹೇಗೆ? ಅವನು ಮರಳಿ ಬುಟ್ಟಿಗಳ ನಡುವೆ ಕೂತ. ಬಸ್ಸಿಗೆ ಬಸ್ಸೇ ಅವನಿಗಾಗಿ ಮರುಗುತ್ತಿತ್ತು. ಮರುಗಬೇಕಾದ ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಕಮಲಾಪುರದಲ್ಲಿ ಡ್ರೈವರು ಸ್ಟ್ಯಾಂಡಿಗೆ ಹೋಗದೆ ನೇರ ಮನೆಯ ಮುಂದೆಯೇ ಬಸ್ಸು ನಿಲ್ಲಿಸಿದ. ವಿಮಲಾಬಾಯಿ ಇಳಿದು ಓಡಿದಳು. ಹಿಂದೆ ಗುರುಲಿಂಗಪ್ಪ, ಅವನ ಹಿಂದೆ ಇಡೀ ಬಸ್ಸು, ಕೊನೆಗೆ ದೌಲಪ್ಪ.

ಒಳಗೆ ಲಲಿತಾಬಾಯಿ ಹಾಡು ಹೇಳಿಕೊಳ್ಳುತ್ತ ಜೋಳ ಬೀಸುತ್ತಿದ್ದರು. ಮಗಳು ಬಂದು ಕೊರಳಿಗೆ ಬಿದ್ದು ಅತ್ತಾಗ ಬೀಸುವುದನ್ನು ನಿಲ್ಲಿಸಿದರು. ಬಾಗಿಲ ತುಂಬ ನಿಂತ ಅಪರಿಚಿತರನ್ನು ನೋಡಿದರು. ಆಮೇಲೆ ಅಳಿಯನನ್ನು ನೋಡಿದರು.

"ನನಗ ಜ್ವರ ಬಂದದ ಅಂತ ಹೇಳಿದವರು ಯಾರ್ರಿ?"

ಎಲ್ಲರೂ ದೌಲಪ್ಪನ ಕಡೆ ತಿರುಗಿದರು. ನಿಜ ಹೇಳಿದರೆ ಮುಗಿಯುತ್ತಿತ್ತು. ಆದರೆ ಅತ್ತೆ, ಸೋದರಮಾವ, ಕಂಡಕ್ಟರ್, ಡ್ರೈವರ್ ಇಷ್ಟು ಜನರ ಮುಂದೆ ನಿಂತು, ಹೆಂಡತಿಯ ಜೊತೆ ಇಬ್ಬರೇ ಕೂತು ಮಾತಾಡುವ ಆಸೆಯಾಗಿತ್ತು ಅಂತ ಯಾವ ಗಂಡಸು ಹೇಳಿಯಾನು? 

"ಕನಸು ಬಿದ್ದಿತ್ರಿ," ಎಂದ. "ನಿಮಗ ಜ್ವರ ಬಂದಂಗ."

ಸೋದರಮಾವನಿಗೆ ಹೇಳಿದ ಕಪ್ಪು ಮನುಷ್ಯನ ಗತಿಯೇನು ಅಂತ ಯಾರೂ ಕೇಳಲಿಲ್ಲ. ಲಲಿತಾಬಾಯಿಯ ಕಣ್ಣಲ್ಲಿ ನೀರು ಬಂತು. "ಹೆತ್ತ ಮಕ್ಕಳಿಗೂ ನನ್ನ ಕನಸು ಬೀಳಂಗಿಲ್ಲ. ಅಳಿಯಂದ್ರಿಗೆ ಬಿದ್ದದ," ಅಂದರು. ಅಷ್ಟಾದ ಮೇಲೆ ಅಳಿಯನನ್ನು ಬರಿಗೈಲಿ ಕಳಿಸುವ ಮಾತೇ ಇರಲಿಲ್ಲ. ಕಾಲಿಗೆ ನೀರು ಬಂತು. ಚೌಕಿಯ ಮೇಲೆ ಕೂಡಿಸಿದರು. ಹೋಳಿಗೆಗೆ ಬೇಳೆ ಇಟ್ಟರು. ಡ್ರೈವರನ್ನೂ ಕಂಡಕ್ಟರನ್ನೂ ಅಳಿಯನ ಎಡಕ್ಕೂ ಬಲಕ್ಕೂ ಕೂಡಿಸಿದ್ದರಿಂದ ಬಸ್ಸು ಹೊರಡುವ ಭಯವೂ ಉಳಿಯಲಿಲ್ಲ. ಉಳಿದ ಪ್ರಯಾಣಿಕರು ಕಟ್ಟೆಯ ಮೇಲೆ ಬಾಳೆಹಣ್ಣು ತಿನ್ನುತ್ತ ಕಾದರು.

ವಿಮಲಾಬಾಯಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು. ಅದರಲ್ಲಿ ಅವಳದು ಯಾವುದು ಅಂತ ದೌಲಪ್ಪನಿಗೆ ಗುರುತಾಗಲಿಲ್ಲ. ಅವಳು ನಕ್ಕದ್ದನ್ನು ಅವನು ಕೇಳಿಯೇ ಇರಲಿಲ್ಲ.

ಆ ಮನೆಯಲ್ಲಿ ಕೊನೆಯ ಮಾತು ಲಲಿತಾಬಾಯಿಯ ತಾಯಿ ಬಂಡೆಮ್ಮನದು. ಆಯಿಗೆ ಎಷ್ಟು ವಯಸ್ಸೆಂದು ಆಯಿಗೇ ಗೊತ್ತಿರಲಿಲ್ಲ. ಆಕೆ ಕೋಲೂರಿಕೊಂಡು ಹೊರಗೆ ಬಂದು ಕನಸಿನ ಅರ್ಥ ಬಿಡಿಸಿದಳು.

"ನಾಗರಪಂಚಮಿ ಹತ್ರ ಬಂದದ. ಗದ್ದಲ ಆದಾಗಿನಿಂದ ಎರಡು ವರ್ಷ ಈ ಮನ್ಯಾಗ ನಾಗಪ್ಪಗ ಹಾಲೆರದಿಲ್ಲ. ಅದಕ್ಕ ಅಳಿಯನ ಕನಸಿನಾಗ ತೋರ್ಸ್ಯಾನ. ಮಗಳು ಇಲ್ಲೇ ಇದ್ದು ಹಾಲೆರದು ಹೋಗಬೇಕು."

"ಸಂಜಿಗೆ ಬರ್ತೀವಿ ಅಂತ ಮನ್ಯಾಗ ಹೇಳಿ ಬಂದೀನ್ರಿ ಆಯಿ."

"ನೀ ಸಂಜಿಗೆ ಹೋಗಪಾ. ನಿನಗ್ಯಾರು ಬ್ಯಾಡ ಅಂದ್ರು? ಆಕೀಗೆ ಈಗೇ ಉಡಿ ತುಂಬೀವಿ. ಉಡಿ ತುಂಬಿದ ಮಗಳು ಹಬ್ಬ ಮುಗಿಯೋತನಕ ಹೊಸ್ತಿಲ ದಾಟಂಗಿಲ್ಲ."

ದೌಲಪ್ಪ ಕೈಯಲ್ಲಿದ್ದ ಹೋಳಿಗೆಯನ್ನು ಮರಳಿ ತಾಟಿಗೆ ಇಟ್ಟ. ಆಗ ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಕಂಡಕ್ಟರಿಗೆ ತನ್ನ ಕರ್ತವ್ಯ ನೆನಪಾಯಿತು.

"ಇವರು ಬೀದರ ತನಕ ಟಿಕೀಟು ತೊಗೊಂಡಾರಲ್ರಿ. ಎರಡು."

ಮತ್ತೆ ಎಲ್ಲರೂ ದೌಲಪ್ಪನನ್ನು ನೋಡಿದರು. ಒಂದು ಕ್ಷಣ ಅವನಿಗೆ ಇದು ದೇವರೇ ತೆರೆದ ಬಾಗಿಲು ಅನ್ನಿಸಿತು.

"ಬೀದರದ ಪಾಪನಾಶ ದೇವ್ರಿಗೆ ಹರಕಿ ಹೊತ್ತೀನ್ರಿ. ಅತ್ತಿಯವರು ಆರಾಮಾಗ್ಲಿ ಅಂತ. ಇಬ್ರೂ ಕೂಡೇ ಹೋಗಬೇಕಂತ ಹರಕಿ," ಎಂದ. ಇದಕ್ಕಿಂತ ಒಳ್ಳೆಯ ಸುಳ್ಳನ್ನು ಅವನು ಜೀವಮಾನದಲ್ಲಿ ಹೇಳಿರಲಿಲ್ಲ.

ಬಂಡೆಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಹರಕಿ ತಪ್ಪಬಾರದು, ಖರೆ," ಅಂದಳು. "ಟಿಕೀಟೂ ಹಾಳಾಗಬಾರದು. ನಮ್ಮ ಮನೀ ಹೆಣ್ಣಮಕ್ಕಳು ಯಾರು ಹೋದ್ರೂ ನಡೀತದ. ನಾನೇ ಬರ್ತೀನಿ ನಡಿ. ಬೀದರ ನೋಡಿಲ್ಲ ನಾ."

ದೇವರು ತೆರೆದ ಬಾಗಿಲಲ್ಲಿ ಬಂಡೆಮ್ಮ ಒಳಗೆ ಬಂದಳು. ಬಸ್ಸು ಹತ್ತಿದವಳು ಪರದೆಯ ಹಿಂದೆ ಹೋಗಲಿಲ್ಲ. "ಅಲ್ಲಿ ಉಸಿರು ಕಟ್ತದ. ಈ ವಯಸ್ಸಿನಾಗ ನನ್ನ ಯಾರು ನೋಡ್ತಾರ," ಅಂದು ದೌಲಪ್ಪನ ಪಕ್ಕಕ್ಕೇ ಕೂತಳು. ಬಸ್ಸು ಹೊರಡುವಾಗ ಅವನು ಬಾಗಿಲ ಕಡೆ ನೋಡಿದ. ವಿಮಲಾಬಾಯಿ ಹೊಸಿಲಿನ ಒಳಗೆ ನಿಂತಿದ್ದಳು. ತಲೆಯ ಮೇಲಿನ ಸೆರಗಿನಿಂದ ಮುಖ ಅರ್ಧವೇ ಕಾಣುತ್ತಿತ್ತು.

ಪಕ್ಕದಲ್ಲಿ ಒಬ್ಬ ಹೆಂಗಸು ಕೂತು ದಾರಿಯುದ್ದಕ್ಕೂ ತನ್ನ ಜೊತೆ ಮಾತಾಡಬೇಕು ಅನ್ನುವುದು ದೌಲಪ್ಪನ ಆಸೆಯಾಗಿತ್ತು. ಅದು ಅಕ್ಷರಶಃ ಈಡೇರಿತು. ಬಂಡೆಮ್ಮ ಹುಮನಾಬಾದಿನ ತನಕ ತನ್ನ ಮೊಣಕಾಲಿನ ಬಗ್ಗೆ ಮಾತಾಡಿದಳು. ಹುಮನಾಬಾದಿನ ನಂತರ ಸತ್ತುಹೋದ ಗಂಡನ ಬಗ್ಗೆ, ಗದ್ದಲದ ವರ್ಷ ಸೊಲ್ಲಾಪುರದ ಕಡೆ ಓಡಿಹೋಗಿ ಯಾರದೋ ಗೋದಾಮಿನಲ್ಲಿ ಮಲಗಿದ್ದರ ಬಗ್ಗೆ. ನಡುವೆ ಮೊಮ್ಮಗಳ ಸುದ್ದಿಯೂ ಬಂತು.

"ಆ ಗೋದಾಮಿನಾಗ ನಮ್ಮ ವಿಮಲಿ ಇರದಿದ್ರ ನಾವೆಲ್ಲಾ ಹುಚ್ಚರಾಗ್ತಿದ್ವಿ ತಮ್ಮಾ. ಮಾತಾಡಾಕ ಕುಂತಳಂದ್ರ ನಿಲ್ಲಸಂಗಿಲ್ಲ. ಎಲ್ಲಾರ ದನಿ ಮಾಡಿ ತೋರ್ಸಿ ನಗಸ್ತಿದ್ಳು. ಊರಾಗ ಆಕೀಗೆ ಬಾಯಿಬಡಕಿ ಅಂತಾರ. ನಿಮ್ಮ ಮನ್ಯಾಗ ತಲಿ ತಿಂದಿರಬೇಕು?"

"ಹೌದ್ರಿ," ಎಂದ ದೌಲಪ್ಪ.

ಅವನಿಗೆ ದುಃಖ ಒತ್ತಿ ಬಂತು. ಅವಳು ಮಿತಭಾಷಿ ಅಂತ ತಿಳಿದು ಒಂದು ವರ್ಷ ಸಮಾಧಾನದಿಂದಿದ್ದ. ಈಗ ಆ ಸಮಾಧಾನವೂ ಹೋಯಿತು.

ಪಾಪನಾಶದಲ್ಲಿ ಇಲ್ಲದ ಹರಕೆಯನ್ನು ತೀರಿಸಿ, ದೇವರಲ್ಲಿ ಕ್ಷಮೆ ಕೇಳಿ, ಅವರು ಕೋಟೆಗೆ ಬಂದರು. ಮಹಲಿನ ಬಲಕ್ಕೆ ನಬಿಸಾಬ್ ಹೇಳಿದ ಕಟ್ಟೆ ಇತ್ತು. ಅವರು ಹೇಳಿದಂತೆ ಗಾಳಿಯೂ ಬರುತ್ತಿತ್ತು. ಬಂಡೆಮ್ಮ ಅಲ್ಲಿ ಕೂತು ಹೋಳಿಗೆ ತಿಂದು, ಬಾವಿಯ ನೀರು ಕುಡಿದು, ದೌಲಪ್ಪನ ಭುಜಕ್ಕೆ ತಲೆ ಇಟ್ಟು ನಿದ್ದೆ ಹೋದಳು. ಅವನು ಅಲುಗಾಡದೆ ಕೂತ. ಕೆಳಗೆ ಬಯಲು ಹಸಿರಾಗಿತ್ತು. ತೋರಿಸಲು ಬಹಳ ಇತ್ತು, ತೋರಿಸಬೇಕಾದವಳು ಇರಲಿಲ್ಲ.

ಪಹರೆಯ ಮುದುಕ ಆ ದಾರಿಯಲ್ಲಿ ಬಂದವನು ನಿಂತು ನೋಡಿದ. "ದಾದೀಮಾಗ ಕರ್ಕೊಂಡು ಬಂದೀರಿ. ಬಹುತ್ ಅಚ್ಛಾ," ಎಂದ. "ಈಗಿನ ಹುಡುಗ್ರು ಬೀವಿನ್ನ ಅಷ್ಟೇ ಕರ್ಕೊಂಡು ಬಂದು ಇಲ್ಲಿ ಕೂಡ್ತಾರ. ದೊಡ್ಡವರ ನೆನಪು ಯಾರಿಗದ?"

ಸಂಜೆಯ ಬಸ್ಸು ಕಮಲಾಪುರಕ್ಕೆ ಬಂದಾಗ ಇನ್ನೂ ಬೆಳಕಿತ್ತು. ಬೆಳಗಿನ ಡ್ರೈವರೇ ಇದ್ದುದರಿಂದ ಬಸ್ಸು ಮತ್ತೆ ಮನೆಯ ಮುಂದೆಯೇ ನಿಂತಿತು. ಆಯಿಯನ್ನು ಇಳಿಸಿಕೊಂಡ ಹೆಂಗಸರು ಬೀದರಿನ ಸುದ್ದಿ ಕೇಳಲು ಆಕೆಯನ್ನು ಸುತ್ತುಗಟ್ಟಿದರು. ವಿಮಲಾಬಾಯಿಯ ತಂದೆ ಹೊಲದಿಂದ ಬಂದು ಡ್ರೈವರಿಗೆ ಬಾಳೆಗೊನೆ ಕಟ್ಟಿಕೊಡುತ್ತಿದ್ದರು. ವಿಮಲಾಬಾಯಿ ಹೊಸಿಲಿನ ಒಳಗೆ ನಿಂತವಳು ಅತ್ತಿತ್ತ ನೋಡಿ, ಯಾರೂ ತನ್ನನ್ನು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೊಸಿಲು ದಾಟಿ ಸರಸರನೆ ಅವನ ಕಿಟಕಿಯ ಕೆಳಗೆ ಬಂದಳು.

ಮದುವೆಯಾದ ಮೇಲೆ ಮೊದಲ ಸಲ ಅವರಿಬ್ಬರ ನಡುವೆ ಯಾರೂ ಇರಲಿಲ್ಲ.  ಎಲ್ಲಿಂದ ಶುರುಮಾಡಲಿ ಅಂತ ಅವನು ಯೋಚಿಸುವಷ್ಟರಲ್ಲಿ ಅವಳೇ ತಗ್ಗಿದ ದನಿಯಲ್ಲಿ ಅವಸರವಾಗಿ ಮಾತಾಡಿದಳು.

"ಸಣ್ಣಾಕಿ ಇದ್ದಾಗಿಂದ ಬೀದರ ಕೋಟಿ ನೋಡಬೇಕಂತ ಭಾಳ ಆಸೆ ಇತ್ರಿ ನನಗ. ದಿನಾ ಈ ಬಸ್ಸು ನಮ್ಮ ಮನಿ ಮುಂದೇ ಹೋಗ್ತಿತ್ತು. ಮದುವಿ ಆದಮ್ಯಾಲ ನಿಮ್ಮ ಕೂಡ ಹೋಗಬೇಕಂತ ಮಾಡಿದ್ದೆ. ನಿಮಗ ಹೇಳಬೇಕಂತ ಎಷ್ಟೋ ಸಲ ಬಂದೆ, ಆ ಮನ್ಯಾಗ ಹೇಳಾಕ ಜಾಗಾನೇ ಸಿಗಲಿಲ್ಲ. ನಮ್ಮವ್ವನ ಸಲುವಾಗಿ ಹರಕಿ ಹೊತ್ರಿ, ನಿಮ್ಮ ಉಪಕಾರ ಮರೆಯಂಗಿಲ್ಲ. ಆದ್ರ ನನ್ನ ಒಂದು ಮಾತು ಕೇಳಬೇಕಿತ್ರಿ. ನಾ ಉಡಿ ಆಮ್ಯಾಲ ತುಂಬಿಸ್ಕೋತಿದ್ದೆ. ಇರಲಿ ಬಿಡ್ರಿ, ಆಯಿಗೆ ವಯಸ್ಸಾಗ್ಯದ. ಆಕಿ ನೋಡಿದ್ದು ಛಲೋ ಆತು."

ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಹಿಂದೆ ಸರಿದಳು. ಡ್ರೈವರು ಬಾಳೆಗೊನೆಯನ್ನು ಮಡಿಲಲ್ಲಿಟ್ಟುಕೊಂಡು ಇಂಜಿನ್ನು ಶುರುಮಾಡಿದ. ಬಸ್ಸು ಹೊರಟಿತು.

ಹುಟ್ಟಿದಾಗಿನಿಂದ ಎತ್ತರದ ದನಿಯಲ್ಲಿ ಒಂದು ಮಾತೂ ಆಡದ ದೌಲಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ. "ವಿಮಲಾ," ಅಂತ ಹೆಸರು ಹಿಡಿದು ಕೂಗಿದ. "ನಿನ್ನ ಕರ್ಕೊಂಡು ಹೋಗಬೇಕಂತನೇ ಹೊಂಟಿದ್ದೆ. ಜ್ವರ ಸುಳ್ಳು, ಕನಸು ಸುಳ್ಳು, ಹರಕೀನೂ ಸುಳ್ಳು. ನಿನ್ನ ಕೂಡ ಮಾತಾಡಬೇಕಂತ ಇಷ್ಟೆಲ್ಲಾ ಮಾಡೀನಿ."

ಇಂಜಿನ್ನಿನ ಗದ್ದಲದಲ್ಲಿ ವಿಮಲಾಬಾಯಿಗೆ ಒಂದು ಅಕ್ಷರವೂ ಮುಟ್ಟಲಿಲ್ಲ. ಹೋಗಿ ಬರುತ್ತೇನೆ ಅನ್ನುತ್ತಿದ್ದಾರೆ ಅಂತ ತಿಳಿದು ತಲೆಯಾಡಿಸಿದಳು. ಬಸ್ಸಿನ ಒಳಗೆ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಪರದೆ ಸರಿಯಿತು, ಅದರ ಹಿಂದಿನ ಹೆಂಗಸರೆಲ್ಲ ಇಣುಕಿದರು. ಕಂಡಕ್ಟರ್ ಟಿಕೀಟು ಹರಿಯುವುದನ್ನು ನಿಲ್ಲಿಸಿ ಬಾಯಿ ತೆರೆದು ನಿಂತ.

ದೌಲಪ್ಪ ಒಳಗೆ ಸರಿದು ಕೂತ. ಕಮಲಾಪುರ ಹಿಂದೆ ಬಿತ್ತು.  ಆಮೇಲೆ ನಿಂತುಕೊಂಡಿದ್ದ ಒಬ್ಬ ಮುದುಕ ಅವನ ಭುಜ ಮುಟ್ಟಿದ.

"ಅವರಿಗೆ ಕೇಳಿಸಿಲ್ಲ ಅನಸ್ತದ್ರಿ."

"ಇಲ್ರಿ. ಕೇಳಿಸಿಲ್ಲ."

"ಬಾಜೂಕ ಖಾಲಿ ಅದಲ್ಲ. ನಾ ಕೂಡ್ಲೇನ್ರಿ?"

"ಕೂಡ್ರಿ," ಎಂದು ದೌಲಪ್ಪ ಕಿಟಕಿಯ ಕಡೆ ಸರಿದ.